ಟೈಮ್‌ಕೀಪರ್ ಧರ್ಣಪ್ಪನವರ ಹೊಸ ಡ್ಯೂಟಿ

ಮೂಡುಬಿದಿರೆ
೨೨ ಏಪ್ರಿಲ್

ಪ್ರೀತಿಯ ಅಪ್ಪನಿಗೆ,

ಈ ಕಾಗದವನ್ನು ಕಂಡಕ್ಟರ್ ಕಮಲಾಕ್ಷಣ್ಣನ ಕೈಯಲ್ಲಿ ಕೊಟ್ಟಿದ್ದೇನೆ. ಡ್ರೈವರನ ತಲೆಯ ಮೇಲಿನ ಹಲಗೆಯಲ್ಲಿ ಯಾರದೋ ಮದುವೆಯ ಕರೆಯೋಲೆ ಮತ್ತು ಯಾರದೋ ಬಿ.ಪಿ. ಮಾತ್ರೆಯ ನಡುವೆ ಕುಳಿತು ನಿಮ್ಮಲ್ಲಿಗೆ ಬರುತ್ತದೆ. ಫೋನು ಮಾಡಬಹುದಿತ್ತು. ಆದರೆ ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರಾಗಿ ಅಷ್ಟು ವರ್ಷ ಏರ್ ಹಾರ್ನ್ ಕೇಳಿದ ನಿಮ್ಮ ಕಿವಿಗಳು ನಿಮಗಿಂತ ಮೊದಲೇ ರಿಟಾಯರ್ಡ್ ಆದದ್ದು ಇಡೀ ತಾಲೂಕಿಗೆ ಗೊತ್ತುಂಟು. ಕಳೆದ ಭಾನುವಾರ ನಾನು ಫೋನಿನಲ್ಲಿ ಮಗುವಿನ ಜ್ವರದ ಬಗ್ಗೆ ಕಿರುಚಿದ್ದಕ್ಕೆ ಪಕ್ಕದ ಮನೆಯ ಆಯಿಶಮ್ಮ ಕಷಾಯ ತಂದುಕೊಟ್ಟರು. ನೀವು ಮಾತ್ರ "ಇಲ್ಲಿ ಮಳೆ ಇಲ್ಲ" ಅಂದಿರಿ.

ವಿಷಯಕ್ಕೆ ಬರುತ್ತೇನೆ. ನನ್ನ ಹೆರಿಗೆ ರಜೆ ಮೇ ಮಧ್ಯಕ್ಕೆ ಮುಗಿಯುತ್ತದೆ. ನಮ್ಮ ವಿಮಾ ಕಚೇರಿಯಲ್ಲಿ ಒಂದು ಹೊಸ ವ್ಯವಸ್ಥೆ ಬಂದಿದೆ. ಇನ್ನು ಮುಂದೆ ಒಂಬತ್ತೂವರೆಗೆ ಬಂದು ಐದೂವರೆಗೇ ಏಳಬೇಕೆಂದಿಲ್ಲ. ಬೆಳಿಗ್ಗೆ ಏಳರಿಂದ ಹನ್ನೊಂದರ ಒಳಗೆ ಯಾವಾಗ ಬೇಕಾದರೂ ಬರಬಹುದು, ಎಂಟು ಗಂಟೆಯ ಕೆಲಸ ಮುಗಿಸಿ ಹೋಗಬಹುದು. ಹನ್ನೊಂದರಿಂದ ಎರಡರವರೆಗೆ ಮಾತ್ರ ಎಲ್ಲರೂ ಕುರ್ಚಿಯಲ್ಲಿ ಇರಲೇಬೇಕು. ಸದ್ಯಕ್ಕೆ ಇದು ಪರೀಕ್ಷೆ. ಅದಕ್ಕೆ ಕೂರುವವಳು ನಾನೊಬ್ಬಳೇ. ಜುಲೈ ಕೊನೆಗೆ ಹೆಡ್ಡಾಫೀಸಿನವರು ಬಂದು ನೋಡಿ, ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತಾರೆ.

ನಾನು ಏಳಕ್ಕೆ ಹೋಗಿ ಮೂರಕ್ಕೆ ಬರುವುದೆಂದು ಒಪ್ಪಿಕೊಂಡಿದ್ದೇನೆ. ಶ್ರವಣ್ ಎಂಟಕ್ಕೆ ಬೆಳ್ತಂಗಡಿಯ ಕಾಲೇಜಿಗೆ ಪಾಠ ಮಾಡಲಿಕ್ಕೆ ಹೊರಡಬೇಕು. ಎಂಟರಿಂದ ಮೂರರವರೆಗೆ ಸಾತ್ವಿಕಾ ಯಾರ ಕೈಯಲ್ಲಿ? ಅತ್ತೆ ಚಾರ್ಮಾಡಿಯಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದಾರೆ. ಅಮ್ಮನಿಗೆ ಅಂಗನವಾಡಿ. ಊರಿನ ಮಕ್ಕಳನ್ನೆಲ್ಲ ನೋಡಿಕೊಳ್ಳಲಿಕ್ಕೆ ಸರ್ಕಾರ ಅಮ್ಮನನ್ನು ಇಟ್ಟಿರುವುದರಿಂದ ಸ್ವಂತ ಪುಳ್ಳಿಯನ್ನು, ಮಗಳ ಮಗಳನ್ನು, ನೋಡಿಕೊಳ್ಳುವ ಹಾಗಿಲ್ಲ.

ಉಳಿದವರು ನೀವು. ಬರುತ್ತೀರಾ?

ಇಲ್ಲ ಎಂದಾದರೆ ನಾನು ರಾಜೀನಾಮೆ ಬರೆಯಬೇಕಾಗುತ್ತದೆ. ನನಗೆ ಆ ಕೆಲಸ ಇಷ್ಟ, ಅಪ್ಪ. ಇದನ್ನು ಸುತ್ತಿ ಬಳಸಿ ಹೇಳಲಿಕ್ಕೆ ಹೊರಟಿದ್ದೆ, ಮಗು ಎದ್ದಳು.

ಉತ್ತರಕ್ಕೆ ಬಸ್ಸಿನ ಹಲಗೆ ನೋಡುತ್ತಿರುವ,
ಸುಪ್ರೀತಾ


ಬಿ.ಸಿ.ರೋಡ್
೨೫ ಏಪ್ರಿಲ್

ಚಿರಂಜೀವಿ ಸುಪ್ರೀತಾಳಿಗೆ,

ಇಲ್ಲಿ ನಾವಿಬ್ಬರೂ ಕ್ಷೇಮ. ನನ್ನ ಕಿವಿ ಇದ್ದ ಹಾಗೇ ಉಂಟು, ನಿನ್ನ ಅಮ್ಮನ ಬಾಯಿಯೂ ಇದ್ದ ಹಾಗೇ ಉಂಟು. ಆದ್ದರಿಂದ ಸಂಸಾರದ ತಕ್ಕಡಿ ನೇರವಾಗಿದೆ.

ನಿನ್ನ ಕಚೇರಿಯ ಹೊಸ ವ್ಯವಸ್ಥೆಯನ್ನು ಎರಡು ಸಲ ಓದಿದೆ. ಬೇಕಾದಾಗ ಬರುವುದು, ಬೇಕಾದಾಗ ಹೋಗುವುದು. ನಮ್ಮ ಕಾಲದಲ್ಲಿ ಇದಕ್ಕೆ ಬೇರೆ ಹೆಸರಿತ್ತು, ಅದನ್ನು ಮಾಡಿದವರಿಗೆ ಸಂಬಳ ಇರಲಿಲ್ಲ. ಎರಡು ಬಸ್ಸುಗಳ ನಡುವಿನ ಮೂರು ನಿಮಿಷಕ್ಕಾಗಿ ಕಂಡಕ್ಟರುಗಳು ಒಬ್ಬರ ಅಂಗಿಯ ಗುಂಡಿಯನ್ನು ಇನ್ನೊಬ್ಬರು ಕಿತ್ತದ್ದನ್ನು ನೋಡಿದವ ನಾನು. ಆ ಗುಂಡಿಗಳನ್ನು ಹೆಕ್ಕಿ ಕೊಟ್ಟವನೂ ನಾನೇ. ಅಂಥ ಜಾಗದಲ್ಲಿ ನಿಂತು "ನಿಮಗೆ ಅನುಕೂಲವಾದಾಗ ಬಸ್ಸು ಬಿಡಿ" ಎಂದು ಹೇಳಿದ್ದರೆ ನನ್ನ ಸೀಟಿಯ ದಾರವನ್ನು ನನ್ನ ಕುತ್ತಿಗೆಗೇ ಬಿಗಿಯುತ್ತಿದ್ದರು. ಸಮಯವೆಂದರೆ ಸಮಯ. ಅದು ರಬ್ಬರಲ್ಲ. ರಬ್ಬರಾಗಿದ್ದರೆ ನಾನು ಟೈಮ್‌ಕೀಪರಾಗುತ್ತಿರಲಿಲ್ಲ, ರಬ್ಬರ್ ಮರ ಕೆತ್ತುವ ಟ್ಯಾಪರ್ ಆಗುತ್ತಿದ್ದೆ.

ಇನ್ನು ಮಗುವಿನ ವಿಷಯ. ನನಗೆ ಅನುಭವ ಇಲ್ಲ. ನೀನು ಹುಟ್ಟಿದಾಗ ನನಗೆ ಮೊದಲ ಬಸ್ಸಿನಿಂದ ಕೊನೆಯ ಬಸ್ಸಿನವರೆಗೆ ಡ್ಯೂಟಿ. ಹೊರಡುವಾಗ ನೀನು ಮಲಗಿರುತ್ತಿದ್ದೆ, ಬರುವಾಗಲೂ ಮಲಗಿರುತ್ತಿದ್ದೆ. ನೀನು ಎದ್ದು ನಿಂತದ್ದು, ನಡೆದದ್ದು, ಡಿಗ್ರಿ ಮುಗಿಸಿದ್ದು ಎಲ್ಲವೂ ನನಗೆ ನಿನ್ನ ಅಮ್ಮ ಹೇಳಿ ಗೊತ್ತಾದದ್ದು. ಇಂಥವನ ಕೈಯಲ್ಲಿ ಐದು ತಿಂಗಳ ಮಗುವನ್ನು ಕೊಡುವುದು ಲೈಸೆನ್ಸ್ ಇಲ್ಲದವನಿಗೆ ಘಾಟಿಯಲ್ಲಿ ಬಸ್ಸು ಕೊಟ್ಟ ಹಾಗೆ. ಬೇರೆ ಏನಾದರೂ ದಾರಿ ನೋಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಆಶೀರ್ವಾದಕ್ಕೆ ಮಾತ್ರ ಸಮಯದ ಕಟ್ಟು ಇಲ್ಲದ,
ಅಪ್ಪ

(ಸುಪ್ಪಿ, ಲಕೋಟೆ ಅಂಟಿಸುವ ಮೊದಲು ನಾನು ಓದಿದೆ. ಇವರು ನಿನ್ನೆಯಿಂದ ಅಕ್ಕಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಡೆಯುತ್ತಿದ್ದಾರೆ. ಕೇಳಿದರೆ ಸೊಂಟಕ್ಕೆ ವ್ಯಾಯಾಮ ಅಂತೆ. ಸೊಂಟದ ವ್ಯಾಯಾಮಕ್ಕೆ ಚೀಲದ ಬೆನ್ನು ತಟ್ಟುವುದು ಯಾಕೆ? ಬರ್ತಾರೆ. ನೀನು ರಾಜೀನಾಮೆ ಗೀಜೀನಾಮೆ ಬರೀಬೇಡ. — ಜಲಜಾಕ್ಷಿ, ಅಂದ್ರೆ ಅಮ್ಮ)


ಬಿ.ಸಿ.ರೋಡ್
೨೭ ಮೇ

ಸುಪ್ರೀತಾಳಿಗೆ,

ದಿನಾ ನಿನ್ನ ಮನೆಗೇ ಬಂದು ಹೋಗುವವನು ನಿನಗೆ ಕಾಗದ ಬರೆಯುವುದನ್ನು ನೋಡಿ ಕಮಲಾಕ್ಷ ನಗುತ್ತಾನೆ. ಏನು ಮಾಡುವುದು. ನೀನು ಮೂರು ಗಂಟೆಗೆ ಮೆಟ್ಟಿಲು ಹತ್ತುವಾಗ ಅವನ ಬಸ್ಸು ಬೀದಿಯ ತುದಿಯಲ್ಲಿ ಹಾರ್ನ್ ಹಾಕುತ್ತಿರುತ್ತದೆ. ಬಾಗಿಲಲ್ಲಿ ನೀನು ಒಳಗೆ, ನಾನು ಹೊರಗೆ. ಎದುರುಬದುರು ಬಂದ ಎರಡು ಬಸ್ಸಿನ ಡ್ರೈವರುಗಳು ಕೈ ಎತ್ತಿದಷ್ಟೇ ನಮ್ಮ ಭೇಟಿ.

ಮೊದಲ ವಾರದ ವರದಿ ಹೀಗಿದೆ. ಶ್ರವಣ್ ಮಗುವನ್ನು ಸ್ಕೂಟರಿನ ಕೀ ಕೊಟ್ಟಷ್ಟು ಸುಲಭವಾಗಿ ನನ್ನ ಕೈಗೆ ಕೊಟ್ಟ. ಅವನ ಕೈಯಲ್ಲಿ ಅವಳು ನಗುತ್ತಿದ್ದಳು. ನನ್ನ ಕೈಗೆ ಬಂದ ಕೂಡಲೇ ಅವಳ ಮುಖ ಊಟದ ಹೊತ್ತಿನ ತಾಲೂಕು ಕಚೇರಿಯ ಹಾಗಾಯಿತು. ಆಮೇಲೆ ಹಾರ್ನ್. ನನ್ನಂಥವನಿಗೂ ಕೇಳಿಸುವ ಹಾರ್ನ್.

ತೊಟ್ಟಿಲಿನ ಮೇಲಿನ ಗೋಡೆಗೆ ನಾನು ಅಂಟಿಸಿದ ಟೈಮ್‌ಟೇಬಲ್ ನೋಡಿರಬೇಕು. ಹಾಲು, ತೇಗು, ನಿದ್ರೆ, ಆಟ, ಎಲ್ಲಕ್ಕೂ ಹೊರಡುವ ಸಮಯ, ತಲುಪುವ ಸಮಯ ಬರೆದಿದ್ದೇನೆ. ನಿನ್ನ ಮಗಳು ಇಲ್ಲಿಯವರೆಗೆ ಒಂದೇ ಒಂದು ಟ್ರಿಪ್ಪನ್ನೂ ಸಮಯಕ್ಕೆ ಬಿಟ್ಟವಳಲ್ಲ. ನಿದ್ರೆಯ ಹೊತ್ತಿಗೆ ಆಟ, ಆಟದ ಹೊತ್ತಿಗೆ ಹಾಲು, ಹಾಲಿನ ಹೊತ್ತಿಗೆ ಮತ್ತೊಂದು, ಅದನ್ನು ಕಾಗದದಲ್ಲಿ ಬರೆಯುವ ಹಾಗಿಲ್ಲ. ಪರ್ಮಿಟ್ ರದ್ದು ಮಾಡುವ ಎಂದರೆ ಅಧಿಕಾರ ಅವಳ ಕೈಯಲ್ಲೇ ಉಂಟು. ಕನ್ನಡದಲ್ಲಿ ಬಿ.ಎ. ಮಾಡಿದ್ದು ಯಾವುದಕ್ಕೂ ಬರಲಿಲ್ಲವೆಂದು ಬೇಜಾರಿತ್ತು, ಈಗ ಬಂತು: ಎಲ್ಲರೂ ಕೂತು ಹೊತ್ತು ಕಳೆದರೆ ನಾನು ಹೊತ್ತು ಹೊತ್ತು ಕಳೆಯುತ್ತೇನೆ.

ಒಂದು ಸಂಗತಿ ಮಾತ್ರ ವರದಿಗೆ ಹೊಂದುವುದಿಲ್ಲ, ಆದರೂ ಬರೆಯುತ್ತೇನೆ. ಅತ್ತು ಸುಸ್ತಾದ ಮೇಲೆ ಅವಳ ತಲೆ ನನ್ನ ಕುತ್ತಿಗೆಗೂ ಹೆಗಲಿಗೂ ನಡುವಿನ ಗುಳಿಯಲ್ಲಿ ಸರಿಯಾಗಿ ಕೂರುತ್ತದೆ. ಅಳತೆ ತೆಗೆದು ಮಾಡಿಸಿದ ಹಾಗೆ. ಆ ಗುಳಿ ಅಲ್ಲಿ ಯಾಕುಂಟೆಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ನಾಳೆಯ ಮೊದಲ ಬಸ್ಸಿನ ಪ್ರಯಾಣಿಕ,
ಅಪ್ಪ


ಮೂಡುಬಿದಿರೆ
೬ ಜೂನ್

ಪ್ರೀತಿಯ ಅಪ್ಪನಿಗೆ,

ಮಧ್ಯಾಹ್ನ ಮೂರು ಗಂಟೆಯ ಬಿಸಿಲು ಯಾವ ಬಣ್ಣದ್ದೆಂದು ನಿಮಗೆ ಗೊತ್ತುಂಟಾ? ನನಗೆ ಗೊತ್ತಿರಲಿಲ್ಲ. ಏಳು ವರ್ಷದಿಂದ ಆ ಹೊತ್ತಿನಲ್ಲಿ ನಾನು ಟ್ಯೂಬ್‌ಲೈಟಿನ ಕೆಳಗೆ ಯಾರದೋ ಆಸ್ಪತ್ರೆಯ ಬಿಲ್ಲು ಪರಿಶೀಲಿಸುತ್ತಿದ್ದೆ. ಮೊನ್ನೆ ಊಟಕ್ಕೂ ಏಳದೆ ಕೆಲಸ ಮುಗಿಸಿ ಸ್ವಲ್ಪ ಬೇಗ ಬಿಟ್ಟೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಸಾವಿರ ಕಂಬದ ಬಸದಿಯ ಮುಂದೆ ನಡೆಯುತ್ತಿದ್ದವಳು ಸುಮ್ಮನೆ ಒಳಗೆ ಹೋದೆ. ಶಾಲೆಯಲ್ಲಿದ್ದಾಗ ಸಾಲಿನಲ್ಲಿ ಕರೆದುಕೊಂಡು ಹೋಗಿದ್ದರು, ಆಗ ನೋಡಿದ್ದು ಮುಂದಿನವಳ ಜಡೆಯನ್ನು ಮಾತ್ರ. ಈ ಸಲ ಕಂಬಗಳನ್ನು ನೋಡಿದೆ. ಅಪ್ಪ, ಒಂದರ ಹಾಗೆ ಇನ್ನೊಂದಿಲ್ಲ. ಒಂದಕ್ಕೆ ಬಳ್ಳಿ, ಒಂದಕ್ಕೆ ಗಂಟು, ಒಂದಕ್ಕೆ ಉಂಗುರದ ಮೇಲೆ ಉಂಗುರ. ಓರೆ ಬಿಸಿಲು ಕಂಬದಿಂದ ಕಂಬಕ್ಕೆ ದಾಟುತ್ತಿತ್ತು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆನೆಂದು ನನಗೆ ಗೊತ್ತಾದದ್ದು ಗಂಟಲು ಒಣಗಿದಾಗ.

ಮಾರನೆಯ ದಿನ ನಮ್ಮ ಮ್ಯಾನೇಜರ್ ಪದ್ಮಲತಾ ಮೇಡಮ್ಮಿಗೆ ಹೇಳಿದೆ. ಅವರು ಆ ಬಸದಿಯ ಪಕ್ಕದಲ್ಲೇ ಹುಟ್ಟಿ ಬೆಳೆದವರು. "ಮೇಡಮ್, ಅಲ್ಲಿ ಪ್ರತಿ ಕಂಬವೂ ಬೇರೆ ಬೇರೆ, ಆದರೂ ಮೇಲಿನ ಮಾಡು ಬಿದ್ದಿಲ್ಲ. ನಮ್ಮ ಟೈಮಿಂಗ್ಸ್ ಕೂಡ ಹಾಗೇ ಅಲ್ವಾ?" ಎಂದೆ. ಬಹಳ ಚೆನ್ನಾಗಿ ಹೇಳಿದೆನೆಂದು ನನಗೆ ಅನಿಸಿತ್ತು. ಅವರು ಕನ್ನಡಕದ ಮೇಲಿನಿಂದ ನೋಡಿ, "ಕಂಬಗಳು ಮೂರು ಗಂಟೆಗೆ ಮನೆಗೆ ಹೋಗುವುದಿಲ್ಲ ಸುಪ್ರೀತಾ" ಎಂದರು.

ಎಲ್ಲರಿಗೂ ಇದು ಹಿಡಿಸಿಲ್ಲ. ನಾನು ಚೀಲ ಹೆಗಲಿಗೆ ಹಾಕುವಾಗ ಎದುರಿನ ಮೇಜಿನ ಮನೀಷ್ "ಹಾಫ್ ಡೇ ಮೇಡಮ್ ಹೊರಟ್ರು" ಎನ್ನುತ್ತಾನೆ. ನಾನು ಬೆಳಿಗ್ಗೆ ಬಂದು ಕಚೇರಿಯ ಬೀಗ ತೆಗೆಯುವಾಗ ಅವನು ಎರಡನೆಯ ಕನಸಿನಲ್ಲಿರುತ್ತಾನೆ. ಆ ಹೊತ್ತು ಯಾರಿಗೂ ಕಾಣುವುದಿಲ್ಲ, ಖಾಲಿ ಕುರ್ಚಿ ಮಾತ್ರ ಎಲ್ಲರಿಗೂ ಕಾಣುತ್ತದೆ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಗಾಢವಾಗಿ ಮಲಗಿದ್ದ ಮಗುವನ್ನು ನೀವು ಹಾಲಿನ ಟೈಮ್ ಆಯಿತೆಂದು ಎಬ್ಬಿಸಿದಿರಂತೆ. ಆಯಿಶಮ್ಮ ಹೇಳಿದರು. ದಯವಿಟ್ಟು ಹಾಗೆ ಮಾಡಬೇಡಿ. ಆ ಟೈಮ್‌ಟೇಬಲನ್ನು ತೆಗೆಯಿರಿ. ಅವಳು ಬಸ್ಸಲ್ಲ ಅಪ್ಪ.

ಸುಪ್ರೀತಾ


ಬಿ.ಸಿ.ರೋಡ್
೨ ಜುಲೈ

ಸುಪ್ರೀತಾಳಿಗೆ,

ಇಷ್ಟು ದಿನ ಬರೆಯಲಿಲ್ಲ. ಬಾಗಿಲಲ್ಲಿ ಕೈ ಎತ್ತುವುದನ್ನೂ ನಿಲ್ಲಿಸಿದ್ದೆ, ನೀನು ಗಮನಿಸಿರುತ್ತಿ.

ಟೈಮ್‌ಟೇಬಲ್ ತೆಗೆದಿದ್ದೇನೆ. ಜೊತೆಯಲ್ಲಿ ಗೋಡೆಯ ಬಣ್ಣವೂ ಸ್ವಲ್ಪ ಬಂತು. ನಾನು ಅಂಟಿಸಿದ್ದು ಸುಲಭಕ್ಕೆ ಬಿಡುವುದಿಲ್ಲ, ಅದು ನನ್ನ ಸ್ವಭಾವ.

ತೆಗೆದ ಮರುದಿನ ಏನು ಮಾಡಬೇಕೆಂದು ಗೊತ್ತಾಗದೆ ಚಾಪೆಯಲ್ಲಿ ಅವಳ ಎದುರು ಕುಳಿತೆ. ಅವಳಿಗೆ ಈಗ ಕೂರಲಿಕ್ಕೆ ಬರುತ್ತದೆ, ಆದರೆ ಬಿ.ಸಿ.ರೋಡಿನ ತಿರುವಿನಲ್ಲಿ ಓವರ್‌ಲೋಡ್ ಬಸ್ಸು ವಾಲಿದ ಹಾಗೆ ವಾಲುತ್ತಾಳೆ. ರಾಗಿ ಮಣ್ಣಿ ತಿನ್ನಿಸುವ ಸ್ಟೀಲು ಚಮಚ ಅವಳ ಕೈಯಲ್ಲಿತ್ತು, ಬಿತ್ತು. ಅವಳು ಒಮ್ಮೆಲೇ ನಿಶ್ಚಲವಾದಳು. ಹೆಕ್ಕಿ ಕೊಟ್ಟೆ. ಈ ಸಲ ಬೇಕೆಂದೇ ಬಿಟ್ಟಳು. ಬಿಟ್ಟು, ಕಣ್ಣು ಅರಳಿಸಿ, ಕಾದಳು.

ಚಮಚ ನೆಲಕ್ಕೆ ಬಿದ್ದ ಸದ್ದು ನನಗೆ ಕೇಳುವುದಿಲ್ಲ ಮಗಾ. ಅದು ಕೇಳದೆ ವರ್ಷಗಳಾದವು. ನಾನು ಆ ಸದ್ದನ್ನು ಅವಳ ಮುಖದಲ್ಲಿ ನೋಡಿದೆ. ಮೊದಲು ಹುಬ್ಬಿಗೆ ಬಂತು, ಆಮೇಲೆ ಕೆನ್ನೆಗೆ, ಕೊನೆಗೆ ಎರಡು ಕೈಗೂ ಹರಡಿ ಅವಳು ಚಪ್ಪಾಳೆಯ ಹಾಗೆ ಏನೋ ಮಾಡಿದಳು. ಮೇಲಿಂದ ಬಿಟ್ಟದ್ದು ಕೆಳಗೆ ಬೀಳುತ್ತದೆ, ಬಿದ್ದದ್ದು ಶಬ್ದ ಮಾಡುತ್ತದೆ: ಈ ಜಗತ್ತು ಇಷ್ಟು ಚಂದಕ್ಕೆ ಕೆಲಸ ಮಾಡುತ್ತದೆಂದು ಅವಳಿಗೆ ಅದೇ ಆಗ ಗೊತ್ತಾದದ್ದು. ನಾನು ಎದುರಿಗಿದ್ದೆ. ಎಷ್ಟು ಸಲ ಹೆಕ್ಕಿ ಕೊಟ್ಟೆ, ಎಷ್ಟು ಹೊತ್ತಾಯಿತು, ಕೇಳಬೇಡ. ಗಡಿಯಾರ ಕಟ್ಟಿದ ಕೈಯಲ್ಲೇ ಹೆಕ್ಕುತ್ತಿದ್ದೆ, ಆದರೂ ಅದನ್ನು ನೋಡಲಿಲ್ಲ.

ಬಸ್ಸಿನಲ್ಲಿ ಬರುವಾಗ ಕಮಲಾಕ್ಷ ಕಿವಿಯ ಹತ್ತಿರ ಬಗ್ಗಿ ಕೂಗಿ ಕೇಳಿದ, "ಎಂತ ಧರ್ಣಪ್ಪಣ್ಣ, ಒಬ್ಬರೇ ನಗ್ತಾ ಇದ್ದೀರಿ?" ಟಿಕೆಟಿನ ಚಿಲ್ಲರೆಯನ್ನು ಅವನ ಕೈಗೆ ಕೊಡುವ ಬದಲು ಕೆಳಗೆ ಬಿಟ್ಟೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಅವನಿಗೆ ಕೇಳಿಸಿತು, ಆದರೆ ಏನೂ ಆಶ್ಚರ್ಯವಾಗಲಿಲ್ಲ. ಪಾಪ.

ಚಮಚ ಹೆಕ್ಕುವ ಹುದ್ದೆಯಲ್ಲಿರುವ,
ಅಪ್ಪ


ಮೂಡುಬಿದಿರೆ
೧೪ ಜುಲೈ

ಅಪ್ಪ,

ನಿಮ್ಮ ಚಮಚದ ಕಾಗದವನ್ನು ಶ್ರವಣ್‌ಗೆ ಓದಿ ಹೇಳಲಿಕ್ಕೆ ಹೋದೆ, ಅರ್ಧಕ್ಕೆ ಅವನೇ ತೆಗೆದುಕೊಂಡು ಓದಬೇಕಾಯಿತು. ಗೋಡೆಯ ಬಣ್ಣ ಹೋದರೆ ಹೋಗಲಿ.

ಹೆಡ್ಡಾಫೀಸಿನವರು ಇಪ್ಪತ್ತನಾಲ್ಕಕ್ಕೆ ಬರುತ್ತಾರೆ. ಹನ್ನೊಂದು ಗಂಟೆಗೆ ಮೀಟಿಂಗ್. ಎಲ್ಲರೂ ಇರಲೇಬೇಕಾದ ಹೊತ್ತು ಅದೇ ಅಲ್ಲವಾ. ಮೇಡಮ್ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಆ ದಿನ ಹನ್ನೊಂದಕ್ಕೆ ನಿಮ್ಮ ಕುರ್ಚಿ ಖಾಲಿ ಇದ್ದರೆ ನಾನು ಏನು ಮಾತಾಡಿದರೂ ಪ್ರಯೋಜನ ಇಲ್ಲ. ಅವರು ಬರುವುದೇ ಇದನ್ನು ನಿಲ್ಲಿಸುವ ಅಂತ." ನಿಂತರೆ ನನ್ನ ಕೆಲಸವೂ ನಿಂತ ಹಾಗೆ. ಅಕೌಂಟ್ಸಿನ ರಿಫಾ ಕೂಡ ಬೆರಳು ಮಡಚಿ ದಿನ ಎಣಿಸುತ್ತಿದ್ದಾಳೆ. ಅವಳ ತಂದೆಗೆ ವಾರಕ್ಕೆ ಎರಡು ದಿನ ಡಯಾಲಿಸಿಸ್.

ನಿಮಗೆ "ಸರಿಯಾದ ಸಮಯಕ್ಕೆ ಬನ್ನಿ" ಎಂದು ಹೇಳುವುದು ಸೂರ್ಯನಿಗೆ ಅಲಾರಂ ಇಟ್ಟ ಹಾಗೆ. ಆದರೂ ಹೇಳುತ್ತಿದ್ದೇನೆ.

ಹೆದರಿಕೊಂಡಿರುವ,
ಸುಪ್ರೀತಾ


ಬಿ.ಸಿ.ರೋಡ್
೨೬ ಜುಲೈ

ಸುಪ್ರೀತಾಳಿಗೆ,

ಮೊನ್ನೆ ಬಾಗಿಲಲ್ಲಿ ನಾವು ಏನೂ ಮಾತಾಡಲಿಲ್ಲ. ನಿನಗೆ ಸಮಯವಿರಲಿಲ್ಲ, ನನಗೆ ಉಸಿರಿರಲಿಲ್ಲ. ನಡೆದದ್ದನ್ನು ಈಗ ಬರೆಯುತ್ತೇನೆ. ಬರೆಯದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಆ ದಿನ ಬೆಳಿಗ್ಗೆ ಸ್ಟ್ಯಾಂಡಿಗೆ ಬಂದರೆ ಮೂಡುಬಿದಿರೆಗೆ ಬಸ್ಸಿಲ್ಲ. ಬಂಟ್ವಾಳ ಪೇಟೆಗೆ ನೇತ್ರಾವತಿ ಉಕ್ಕಿ ಬಂದಿದ್ದಾಳೆ ಎಂದರು. ಅಷ್ಟರಲ್ಲಿ ನಿನ್ನ ಫೋನು ಅಮ್ಮನಿಗೆ ಬಂತು, ಅವಳು ಸ್ಟ್ಯಾಂಡಿಗೆ ಓಡಿ ಬಂದು ನನ್ನ ಕಿವಿಯಲ್ಲಿ ಕೂಗಿದಳು. ಶ್ರವಣ್ ತಾಯಿಯನ್ನು ನೋಡಲಿಕ್ಕೆ ಹೋದವನು ಚಾರ್ಮಾಡಿಯಲ್ಲಿ ಮರ ಬಿದ್ದು ಆಚೆಯೇ ಉಳಿದಿದ್ದಾನೆ, ಆಯಿಶಮ್ಮ ಮಗಳ ಮನೆಗೆ ಹೋಗಿದ್ದಾರೆ, ನೀನು ಮಗುವಿನ ಜೊತೆ ಒಬ್ಬಳೇ. ಅಂಗನವಾಡಿಗೆ ರಜೆ ಕೊಟ್ಟಿದ್ದರು, ಟೀಚರಿಗೆ ಕೊಟ್ಟಿರಲಿಲ್ಲ. ನೆರೆಯಲ್ಲಿ ಮನೆ ಬಿಟ್ಟವರನ್ನೆಲ್ಲ ಅಲ್ಲೇ ಕೂರಿಸಿದ್ದರು. ಅಮ್ಮ ಗಂಜಿಯ ಪಾತ್ರೆಯ ಹತ್ತಿರಕ್ಕೆ ವಾಪಸು ಓಡಿದಳು, ನಾನು ನೀರಿನ ಹತ್ತಿರಕ್ಕೆ ನಡೆದೆ.

ಪೇಟೆಯ ಅಂಚಿನಲ್ಲಿ ರಸ್ತೆ ಮುಗಿದು ಹೊಳೆ ಶುರುವಾಗಿತ್ತು. ಅಗ್ನಿಶಾಮಕದವರ ದೋಣಿ ಆಚೆಯ ಜನರನ್ನು ಈಚೆಗೆ ತರುತ್ತಿತ್ತು. "ಹೋಗುವಾಗ ಖಾಲಿ ಅಲ್ವಾ, ನನ್ನನ್ನು ಕರ್ಕೊಂಡು ಹೋಗಿ" ಎಂದೆ. "ಆಚೆ ಹೋಗುವವರು ಯಾರೂ ಇಲ್ಲ ಅಜ್ಜ, ಎಲ್ಲ ಈಚೆ ಬರುವವರೇ" ಎಂದು ಅವ ನನ್ನ ಕಿವಿಗೆ ಕೂಗಿದ. "ನನಗೆ ಡ್ಯೂಟಿ ಉಂಟು" ಎಂದೆ. ಯಾವ ಡ್ಯೂಟಿ ಎಂದು ಕೇಳಿದ. ಹೇಳಿದೆ. ಹತ್ತಿಸಿಕೊಂಡ.

ಸೇತುವೆಯ ಮೇಲಿನಿಂದ ಸಾವಿರ ಸಲ ನೋಡಿದ ಹೊಳೆ ಅದು. ಅದರ ಮೇಲೆ ಕೂತು ನೋಡಿರಲಿಲ್ಲ. ಅಂಗಡಿಗಳ ಬೋರ್ಡು ನನ್ನ ಕಣ್ಣಿನ ಎತ್ತರಕ್ಕೆ ಬಂದಿತ್ತು. ನಾನು ಚಾ ಕುಡಿಯುತ್ತಿದ್ದ ಹೋಟೆಲಿನ ಮಾಡಿನ ಮೇಲೆ ಒಂದು ಬೆಕ್ಕು ಕೂತು ಎಲ್ಲವೂ ತನ್ನದೇ ಎಂಬ ಹಾಗೆ ನೋಡುತ್ತಿತ್ತು. ಕೆಂಪು ನೀರು ಅವಸರವಿಲ್ಲದೆ, ಯಾರನ್ನೂ ಕೇಳದೆ ಬೀದಿಯಲ್ಲಿ ನಡೆಯುತ್ತಿತ್ತು. ಅದರ ಸದ್ದು ನನ್ನ ಕಿವಿಗೆ ಬರಲಿಲ್ಲ. ದೋಣಿಯ ಹಲಗೆಯಿಂದ ಮೊಣಕಾಲಿಗೆ ಬಂತು, ಬಹಳ ದೊಡ್ಡ ಪ್ರಾಣಿಯೊಂದು ಕೆಳಗೆ ಉಸಿರಾಡುತ್ತಿರುವ ಹಾಗೆ. ಹೆದರಬೇಕಿತ್ತು. ನಾನು ಟೊಪ್ಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

ಆಚೆಯ ದಡದಲ್ಲಿ ಇಳಿದು ಏರು ಹತ್ತಿದರೆ ರಸ್ತೆಯಲ್ಲಿ ಕಮಲಾಕ್ಷನ ಬಸ್ಸು ನಿಂತಿದೆ. ತುಂಬಿದ ಬಸ್ಸು. ಅದು ಹೊರಡಬೇಕಾದ ಸಮಯ ದಾಟಿ ಬಹಳ ಹೊತ್ತಾಗಿತ್ತು.

"ಎಂತ ಮಾರಾಯ, ನಿನ್ನ ಟೈಮ್ ಹೋಗ್ಲಿಲ್ವಾ?"

"ಟೈಮ್ ಎಲ್ಲಿಗೂ ಹೋಗ್ಲಿಲ್ಲ ಅಣ್ಣ. ನೋಡಿ, ಇಲ್ಲೇ ನಿಮ್ಮನ್ನು ಕಾಯ್ತಾ ಉಂಟು. ಜಲಜಕ್ಕ ಫೋನ್ ಮಾಡಿದ್ರು. ಹತ್ತಿ."

ಆಗ ನಾನು ಹಿಂದೆ ನೋಡಿದೆ. ಕಮಲಾಕ್ಷನ ನಂತರದ ಟೈಮಿಂಗಿನ ಬಸ್ಸು ನಿಂತಿತ್ತು. ಅದರ ಹಿಂದೆ ಇನ್ನೊಂದು. ಸುಪ್ರೀತಾ, ನಿನಗೆ ಇದು ಅರ್ಥವಾಗಬೇಕಾದರೆ ನೀನು ನನ್ನ ಹಾಗೆ ಅಲ್ಲಿ ನಿಂತು ಮುದುಕನಾಗಬೇಕು. ಮುಂದಿನ ಬಸ್ಸು ನಿಂತರೆ ಹಿಂದಿನ ಬಸ್ಸು ಹಾರ್ನ್ ಹಾಕಿ, ಬೈದು, ಮಣ್ಣಿಗೆ ಇಳಿದಾದರೂ ಓವರ್‌ಟೇಕ್ ಮಾಡುತ್ತದೆ. ಅದು ಇಲ್ಲಿಯ ನಿಯಮ. ಆ ಎರಡೂ ಬಸ್ಸುಗಳು ಸುಮ್ಮನೆ ನಿಂತಿದ್ದವು. ನನಗೆ ಕೇಳುವುದಿಲ್ಲವೆಂದು ಕಮಲಾಕ್ಷನನ್ನು ಕೇಳಿದೆ, "ಹಾರ್ನ್ ಹಾಕ್ತಿದ್ದಾರಾ?"

"ಇಲ್ಲ ಅಣ್ಣ. ನೀವು ಹತ್ತದೆ ನಾನು ಬಿಡುವುದಿಲ್ಲ ಅಂದೆ. ನಾನು ಬಿಡದೆ ಅವರು ಓವರ್‌ಟೇಕ್ ಮಾಡುವುದಿಲ್ಲ ಅಂದ್ರು. ಪ್ರಳಯ ಬಂದದ್ದು ಸುಳ್ಳಲ್ಲ ನೋಡಿ."

"ನಿನಗೆ ಫೈನ್ ಬೀಳ್ತದೆ."

"ಹಾಕುವವ ನೀವೇ ಇದ್ದದ್ದು. ಈಗ ನೀವು ಪ್ಯಾಸೆಂಜರ್. ಬಾಯಿ ಮುಚ್ಚಿ ಕೂರಿ."

ಸೊಪ್ಪಿನ ಕಟ್ಟು ಹಿಡಿದ ಹೆಂಗಸೊಬ್ಬಳು ಸೀಟು ಬಿಟ್ಟುಕೊಟ್ಟಳು. "ಇವರೇನಾ ಪುಳ್ಳಿ ನೋಡುವ ಅಜ್ಜ? ಇನ್ನು ಹೋಗುವ" ಎಂದಳು. ಅವಳ ಸೊಪ್ಪು ಬಾಡುತ್ತಿತ್ತು. ಆ ಬಸ್ಸಿನಲ್ಲಿದ್ದ ಎಲ್ಲರಿಗೂ ಎಲ್ಲಿಗೋ ತಡವಾಗಿತ್ತು, ಮಗಾ. ಒಬ್ಬರೂ ಗಡಿಯಾರ ತೋರಿಸಲಿಲ್ಲ. ಸಿದ್ದಕಟ್ಟೆಯಲ್ಲಿ ಇಳಿಯುವವರು ಬಸ್ಸು ನಿಲ್ಲುವ ಮೊದಲೇ ಬಾಗಿಲಲ್ಲಿ ನಿಂತು ತಯಾರಾಗಿದ್ದರು. ನಾನು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ ಕೂತೆ. ಕಿಟಕಿಯಲ್ಲಿ ಮಳೆ ಇದ್ದದ್ದು ಒಳ್ಳೆಯದಾಯಿತು.

ಆಮೇಲೆ ಕಮಲಾಕ್ಷ ಪರ್ಮಿಟ್ಟೇ ಇಲ್ಲದ ನಿನ್ನ ಬೀದಿಗೆ ಬಸ್ಸು ತಿರುಗಿಸಲಿಕ್ಕೆ ಡ್ರೈವರನಿಗೆ ಹೇಳಿದ. ಮುಂದಿನದ್ದು ನಿನಗೆ ಗೊತ್ತು. ಒಂದು ಮಾತ್ರ ನಿನಗೆ ಗೊತ್ತಿಲ್ಲ. ಬಸ್ಸಿಗೆ ಕೈ ತೋರಿಸಿ ನಿಲ್ಲಿಸುವವರನ್ನು ನಾನು ಜೀವಮಾನವಿಡೀ ನೋಡಿದ್ದೇನೆ. ನಿನ್ನ ಸೊಂಟದಲ್ಲಿ ಕೂತಿದ್ದ ಅವಳು ಒದ್ದೆಮುದ್ದೆಯಾಗಿ ಬಂದ ನನ್ನನ್ನು ನೋಡಿ ಎರಡೂ ಕೈ ಚಾಚಿದಳಲ್ಲ, ನನಗೆ ಹಾಗೆ ಯಾರೂ ಕೈ ತೋರಿಸಿರಲಿಲ್ಲ. ನಿಂತುಬಿಟ್ಟೆ.

ಮೀಟಿಂಗ್ ಏನಾಯಿತು? ಆ ಸಂಜೆ ನೀನು ಬಾಗಿಲಲ್ಲಿ ಬಾಯಿ ತೆರೆಯುವ ಮೊದಲೇ, ಕೇಳಲಿಕ್ಕೆ ಹೆದರಿ ಬಸ್ಸಿಗೆ ಓಡಿದವ ನಾನು.

ಅಪ್ಪ


ಮೂಡುಬಿದಿರೆ
೩೦ ಜುಲೈ

ಅಪ್ಪ,

ನೀವು ಇಳಿದ ಬಸ್ಸಿಗೇ ನಾನು ಹತ್ತಿದೆ. ಕಮಲಾಕ್ಷಣ್ಣ "ರೈಟ್, ಪೋಯಿ" ಎಂದು ತುಳುವಿನಲ್ಲಿ ಹೊರಡಲಿಕ್ಕೆ ಕೂಗಿದರು, ಇಡೀ ಬಸ್ಸು ನನ್ನನ್ನು ಆಫೀಸಿನ ಬಾಗಿಲಿಗೇ ಬಿಟ್ಟಿತು. ಸೊಪ್ಪಿನ ಅಕ್ಕ ನನ್ನ ಕೂದಲಿಗೆ ಅಂಟಿದ್ದ ರಾಗಿ ಮಣ್ಣಿಯನ್ನು ಸೆರಗಿನಿಂದ ಒರಸಿದರು. ಮೇಲಿನ ಕಿಟಕಿಯಲ್ಲಿ ಪದ್ಮಲತಾ ಮೇಡಮ್ ಮತ್ತು ಹೆಡ್ಡಾಫೀಸಿನ ಇಬ್ಬರು ನಿಂತಿದ್ದರು. ಕಿಟಕಿಗಳಿಂದ ತಲೆ ಹೊರಹಾಕಿದ್ದ ಪ್ರಯಾಣಿಕರೆಲ್ಲ ನನಗೆ ಕೈ ಬೀಸುತ್ತಿದ್ದರು.

ಮೇಲೆ ಹೋದಾಗ ಹನ್ನೊಂದು ಆಗುವುದರಲ್ಲಿತ್ತು. ಮನೀಷ್ ಮತ್ತು ಇನ್ನೂ ಕೆಲವರ ಕುರ್ಚಿ ಖಾಲಿ. ಅವರ ದಾರಿಗೂ ನೀರು ಬಂದಿತ್ತು. ಹೆಡ್ಡಾಫೀಸಿನ ದೊಡ್ಡವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮಲ್ಲಿ ಸಿಬ್ಬಂದಿಗೆ ಬಸ್ಸಿನ ವ್ಯವಸ್ಥೆ ಉಂಟಾ?" ಮೇಡಮ್ ಕನ್ನಡಕ ತೆಗೆದು ಒರಸಿ ಹೇಳಿದರು: "ನಮ್ಮಲ್ಲಿ ಊರಿನ ವ್ಯವಸ್ಥೆ ಉಂಟು ಸರ್. ನೆರೆ ಬಂದಾಗ ಬಸ್ಸಿನವರೇ ಸಮಯವನ್ನು ಸ್ವಲ್ಪ ಬಗ್ಗಿಸ್ತಾರೆ. ಒಂದು ಕಚೇರಿಗೆ ಅಷ್ಟು ಮಾಡ್ಲಿಕ್ಕೆ ಆಗುವುದಿಲ್ವಾ?" ಆಮೇಲೆ ನನ್ನ ಕೆಲಸದ ಲೆಕ್ಕವನ್ನೆಲ್ಲ ತೋರಿಸಿದರು, ಆದರೆ ಆ ಹೊತ್ತಿಗೆ ಅವರು ಅರ್ಧ ಒಪ್ಪಿಯಾಗಿತ್ತು.

ವ್ಯವಸ್ಥೆ ಉಳಿಯಿತು. ಇನ್ನು ಮುಂದೆ ಎಲ್ಲರಿಗೂ. ರಿಫಾ ಶೌಚಾಲಯಕ್ಕೆ ಹೋಗಿ ಅತ್ತು ಮುಖ ತೊಳೆದು ಬಂದಳು. ಮನೀಷ್ ಮರುದಿನವೇ ಹತ್ತೂಮುಕ್ಕಾಲಿಗೆ ಹೆಸರು ಕೊಟ್ಟ, ಅವನ ಎರಡನೆಯ ಕನಸು ಪೂರ್ತಿಯಾಗಲಿ. ಅರ್ಜಿ ಕೊಟ್ಟವರಲ್ಲಿ ಪದ್ಮಲತಾ ಮೇಡಮ್ಮೂ ಇದ್ದಾರೆ. ಗುರುವಾರ ಮೂರು ಗಂಟೆಗೆ ಹೊರಡುತ್ತಾರಂತೆ. ಕಾರಣ ಬರೆದಿಲ್ಲ, ನಾವೂ ಕೇಳಲಿಲ್ಲ. ಬಸದಿಯ ಕಡೆಗೆ ಹೋದದ್ದನ್ನು ರಿಫಾ ನೋಡಿದಳಂತೆ.

ನಿಮಗೆ ಹೇಳಬೇಕಾದದ್ದು ಇನ್ನೂ ಉಂಟು, ಅದು ಬರೆಯಲಿಕ್ಕೆ ಬರುವುದಿಲ್ಲ. ಒಂದು ದಿನ ಬಸ್ಸು ಬಿಟ್ಟು ಸ್ವಲ್ಪ ಹೊತ್ತು ಕೂರಿ. ಚಾ ಮಾಡ್ತೇನೆ.

ನಿಮ್ಮ,
ಸುಪ್ರೀತಾ


ಮೂಡುಬಿದಿರೆ, ನಿನ್ನದೇ ಮನೆ
೮ ಆಗಸ್ಟ್

ಸುಪ್ರೀತಾ,

ಈ ಕಾಗದ ಬಸ್ಸಿನಲ್ಲಿ ಬರುವುದಿಲ್ಲ. ಒಂದೇ ಕೈಯಲ್ಲಿ, ಕುರ್ಚಿಗೆ ಒರಗಿಕೊಂಡು ಬರೆಯುತ್ತಿರುವುದರಿಂದ ಅಕ್ಷರ ಚಾರ್ಮಾಡಿ ಘಾಟಿಯ ಹಾಗೆ ಉಂಟು. ಕ್ಷಮಿಸು.

ಅವಳು ನನ್ನ ಎದೆಯ ಮೇಲೆ ಮಲಗಿದ್ದಾಳೆ. ಒಂದು ಮುಷ್ಟಿಯಲ್ಲಿ ನನ್ನ ಹಳೆಯ ಸೀಟಿಯ ದಾರ ಹಿಡಿದಿದ್ದಾಳೆ. ಆಟಕ್ಕೆ ತಂದುಕೊಟ್ಟಿದ್ದೆ.

ನಿನಗೆ ಇವತ್ತು ಕಚೇರಿಯಿಂದ ಬರುವಾಗ ಅರ್ಧ ಗಂಟೆ ತಡವಾಗುತ್ತದೆಂದು ಆಯಿಶಮ್ಮ ಬಂದು ಸನ್ನೆಯಲ್ಲಿ ಹೇಳಿ ಹೋದರು. ಆಮೇಲೆ ಕಮಲಾಕ್ಷ ಬಂದ. ಹಾರ್ನ್ ಹಾಕಿದನಂತೆ, ನಾನು ಬರಲಿಲ್ಲವೆಂದು ಬಸ್ಸು ನಿಲ್ಲಿಸಿ ಕಿಟಕಿಯವರೆಗೆ ನಡೆದು ಬಂದ. "ಅಣ್ಣ, ಟೈಮ್" ಎಂದು ಗಡಿಯಾರ ತೋರಿಸಿದ. ಅವನ ಬಸ್ಸು ನನಗಾಗಿ ಇನ್ನೊಮ್ಮೆ ಕಾಯುವುದು ಬೇಡ. ನಾನು ಬಾಯಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈ ಎತ್ತಿ ಅವನಿಗೆ ರೈಟ್ ಕೊಟ್ಟೆ. ಅವನು ಬಸ್ಸಿನ ಕಡೆಗೆ ಹೋಗಿ, ತಿರುಗಿ ಒಮ್ಮೆ ನೋಡಿ ಹೊರಟ. ಬಸ್ಸು ಬೀದಿ ತಿರುಗುವುದನ್ನು ಕಿಟಕಿಯಿಂದ ನೋಡಿದೆ. ನಾನಿಲ್ಲದೆ ಹೋದ ಬಸ್ಸು ಹಿಂದಿನಿಂದ ಇಷ್ಟು ಚಂದ ಕಾಣುತ್ತದೆಂದು ಗೊತ್ತಿರಲಿಲ್ಲ.

ಒಂದು ವಿಷಯ ಹೇಳುತ್ತೇನೆ, ಡಾಕ್ಟರಿಗೆ ಹೇಳಬೇಡ, ನಗುತ್ತಾರೆ. ನನಗೆ ಅವಳ ಉಸಿರು ಕೇಳುತ್ತದೆ. ಕಿವಿಯಿಂದಲ್ಲ. ಎದೆಯ ಎಲುಬಿನಿಂದ ಒಳಗೆ ಬರುತ್ತದೆ, ಅಂದು ದೋಣಿಯ ಹಲಗೆಯಿಂದ ಹೊಳೆ ಬಂದ ಹಾಗೆ. ಅಷ್ಟು ದೊಡ್ಡದೂ ಇಷ್ಟು ಸಣ್ಣದೂ ಒಂದೇ ದಾರಿಯಲ್ಲಿ ಬರುತ್ತವೆ. ಒಳಗೆ ಹೋಗುತ್ತದೆ, ಸ್ವಲ್ಪ ನಿಲ್ಲುತ್ತದೆ, ಹೊರಗೆ ಬರುತ್ತದೆ. ಪ್ರತಿ ಸಲ ನಿಂತಾಗ ನಾನೂ ನಿಂತು ಕಾಯುತ್ತೇನೆ. ಪ್ರತಿ ಸಲ ಬರುತ್ತದೆ. ಇದಕ್ಕೆ ಸೀಟಿ ಊದಿದವರು ಯಾರೂ ಇಲ್ಲ.

ನೀನೂ ಹೀಗೆಯೇ ಉಸಿರಾಡಿರಬೇಕು.

ಈ ಕಾಗದವನ್ನು ಆಯಿಶಮ್ಮನ ಕೈಯಲ್ಲಿ ಬಾಗಿಲಿಗೆ ಅಂಟಿಸಲಿಕ್ಕೆ ಹೇಳುತ್ತೇನೆ, ನೀನು ಗಂಟೆ ಒತ್ತುವ ಮೊದಲೇ ಓದುವ ಹಾಗೆ. ಒತ್ತಬೇಡ. ಚಪ್ಪಲಿ ಹೊರಗೇ ಬಿಟ್ಟು ಮೆಲ್ಲಗೆ ಬಾ. ಚಾ ಆಮೇಲೆ ಮಾಡುವ. ಮೊದಲು ಇಲ್ಲಿ ಬಂದು ನನ್ನ ಪಕ್ಕದಲ್ಲಿ ಕೂತುಕೋ.

ಅವಸರ ಇಲ್ಲ.

ಅಪ್ಪ